ಕಾಗದದಲ್ಲಿ ಬೆಳೆದವಳು

ಸತ್ತುಹೋದ ಹುಡುಗಿಯ ಸೊಂಟದ ಸುತ್ತಳತೆ ಇಪ್ಪತ್ತಾರು ಇಂಚು ಎಂದು ಕಾಗದದ ಮೇಲೆ ಬರೆದಿತ್ತು.

ದಫೇದಾರಮ್ಮ ಕನ್ನಡಕ ತೆಗೆದು, ಕರವಸ್ತ್ರದಿಂದ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿಕೊಂಡು ಓದಿದರು. ಇಪ್ಪತ್ತಾರೇ. ಪಕ್ಕದಲ್ಲಿ ನೀಲಿ ಪೆನ್ಸಿಲಿನ ದುಂಡಗಿನ ಅಕ್ಷರದಲ್ಲಿ ಹೆಸರು: ಗುಬ್ಬಿ. ಐದನೇ ವಯಸ್ಸಿಗೆ ಹೊಳೆಯ ಪಾಲಾದ ಮಗುವಿಗೆ ಇಪ್ಪತ್ತಾರು ಇಂಚಿನ ಸೊಂಟ ಎಲ್ಲಿಂದ ಬರಬೇಕು?

"ಮೇಡಂ, ಏನಾದ್ರೂ ಸಿಕ್ತಾ?" ಬಾಗಿಲ ಹತ್ತಿರ ನಿಂತು ಅಮ್ಮಣ್ಣಿ ಪಿಸುಗುಟ್ಟಿದಳು.

"ನೀನು ಹೋಗಿ ಹಾಲ್‌ನಲ್ಲಿ ಕೂತ್ಕೋ ತಾಯಿ. ಗೇಟ್ ಸದ್ದಾದ್ರೆ ಒಂದ್ಸಲ ಕೆಮ್ಮು ಸಾಕು. ಏಳು ತಿಂಗಳ ಹೊಟ್ಟೆ ಹೊತ್ಕೊಂಡು ಕಾವಲು ನಿಂತ್ಕೋಬೇಡ."

ಅಮ್ಮಣ್ಣಿ ಎಡಭುಜದಿಂದ ಜಾರಿದ ಬ್ಯಾಗಿನ ಪಟ್ಟಿಯನ್ನು ಮೇಲೆ ಹಾಕಿಕೊಂಡು ಹೊರಟಳು. ಮೂರು ಹೆಜ್ಜೆ ಹೋಗುವಷ್ಟರಲ್ಲಿ ಅದು ಮತ್ತೆ ಜಾರಿತು.

ಮಹಿಳಾ ಠಾಣೆಯಲ್ಲಿ ಮೂವತ್ತು ವರ್ಷ ದುಡಿದು, ದಫೇದಾರ್ ಆಗಿಯೇ ನಿವೃತ್ತಿಯಾಗಿ, ಈಗ ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಪತ್ತೇದಾರಿ ಕೆಲಸ ಮಾಡುತ್ತಿದ್ದ ಈ ಹೆಂಗಸಿನ ಹತ್ತಿರ ಬಗೆಬಗೆಯ ಜನ ಬಂದಿದ್ದರು. ಕಳ್ಳನನ್ನು ಹಿಡಿದುಕೊಡಿ ಎಂದವರು, ಗಂಡನ ಬೆನ್ನು ಹತ್ತಿ ನೋಡಿ ಎಂದವರು, ಕಳೆದುಹೋದ ಬೆಕ್ಕನ್ನು ಹುಡುಕಿಸಿಕೊಂಡವರೂ ಉಂಟು. ಆದರೆ ಮೂರು ವಾರದ ಹಿಂದೆ ಅಮ್ಮಣ್ಣಿ ಬಂದು ಕೇಳಿದಂಥದ್ದನ್ನು ಯಾರೂ ಕೇಳಿರಲಿಲ್ಲ.

"ನಾನು ತಪ್ಪು ಮಾಡಿದೀನಾ ಇಲ್ವಾ ಅಂತ ಪತ್ತೆ ಮಾಡ್ಕೊಡಿ ಮೇಡಂ."

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಹುಡುಗಿ ಇದು ಎಂದು ದಫೇದಾರಮ್ಮ ಮನಸ್ಸಿನಲ್ಲೇ ನಕ್ಕಿದ್ದರು. ಮಿಕ್ಕದ್ದನ್ನು ಕೇಳಿದ ಮೇಲೆ ನಗು ಬರಲಿಲ್ಲ.

"ಇಪ್ಪತ್ಮೂರು ವರ್ಷದ ಹಿಂದಿನ ಮಾತು. ಆಗ ನಂಗೆ ಏಳು ವರ್ಷ. ತಂಗಿಗೆ ಐದು. ಹೊಳೆ ಮೆಟ್ಟಿಲ ಮೇಲೆ ಅವಳ ಕೈ ಹಿಡ್ಕೊಂಡಿದ್ದೆ. ಆಮೇಲೆ ಹಿಡ್ಕೊಂಡಿರ್ಲಿಲ್ಲ. ಬಿಟ್ನೋ, ಜಾರಿತೋ, ಒಂದೂ ನೆನಪಿಲ್ಲ. ಇನ್ನೆರಡು ತಿಂಗಳಿಗೆ ನನ್ನ ಕೈಗೆ ಒಂದು ಮಗು ಕೊಡ್ತಾರೆ. ಕೊಡೋದಕ್ಕೆ ಮುಂಚೆ ನಂಗೆ ಗೊತ್ತಾಗ್ಬೇಕು. ಕೈ ಬಿಡೋಳ ಕೈಗೆ ಮಗು ಕೊಡಬಾರ್ದಲ್ವಾ?"

"ಅಪ್ಪ, ಅಮ್ಮ ಏನಂತಾರೆ?"

"ಅಮ್ಮ ಅಲ್ಲ, ಚಿಕ್ಕಮ್ಮ. ನನ್ನ ಹೆತ್ತಮ್ಮ ನಾನು ಹುಟ್ಟಿದ ವರ್ಷಾನೇ ಹೋದ್ರು. ಚಿಕ್ಕಮ್ಮ ಹೆತ್ತಿದ್ದು ಗುಬ್ಬಿ ಒಬ್ಬಳನ್ನೇ. ಇದ್ದ ಒಂದು ಮಗೂನ ನಾನು ನೀರಿಗೆ ಬಿಟ್ಟೆ. ಆದ್ರೂ ಒಂದು ದಿನ, ಒಂದೇ ಒಂದು ದಿನ ನನ್ನ ಬೈಲಿಲ್ಲ ಮೇಡಂ. ಬೈದಿದ್ರೆ ಬದುಕ್ಕೊಳ್ತಿದ್ದೆ."

ಕನಸಿನ ವಿಷಯವನ್ನೂ ಆಗಲೇ ಹೇಳಿದ್ದಳು. ಕನಸಿನಲ್ಲಿ ಕುತ್ತಿಗೆಯವರೆಗೆ ನೀರು. ಮೇಲಿನಿಂದ ಒಂದು ಕೈ ಬಂದು ತನ್ನ ಮಣಿಕಟ್ಟನ್ನು ಹಿಡಿದಿರುತ್ತದೆ. ಆ ಕೈಯ ಒಂದು ಬೆರಳ ತುದಿ ಕಲ್ಲಿನ ಹಾಗೆ ಗಟ್ಟಿ, ತಣ್ಣಗೆ. "ಗುಬ್ಬಿನೇ ಸತ್ತು ದೆವ್ವವಾಗಿ ಬಂದು ನನ್ನ ಹಿಡ್ಕೊಳ್ತಾಳೆ ಅನ್ಸುತ್ತೆ," ಎಂದಿದ್ದಳು. ದಫೇದಾರಮ್ಮ ಆಗ ಅದನ್ನು ಬರೆದುಕೊಂಡಿರಲಿಲ್ಲ. ಕನಸನ್ನು ಯಾರು ಬರೆದುಕೊಳ್ಳುತ್ತಾರೆ? ಆದರೆ ಅದು ತಲೆಯಿಂದ ಹೋಗಿರಲಿಲ್ಲ. ಕೈ ಹಿಡಿದಿದ್ದ ಅಕ್ಕ ಇವಳಾದರೆ, ಕನಸಿನಲ್ಲಿ ಇವಳು ಕೆಳಗೆ ಏಕಿರುತ್ತಾಳೆ?

ಅದೆಲ್ಲ ಇರಲಿ. ಈಗ ಕೈಯಲ್ಲಿರುವುದು ಕಾಗದ, ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಬಟ್ಟೆ ಹೊಲಿಸಲು ಬಂದ ಗಿರಾಕಿಯ ವೇಷದಲ್ಲಿ ದಫೇದಾರಮ್ಮ ಅಮ್ಮಣ್ಣಿಯ ಈ ತವರಿಗೆ ಬಂದು ಒಂದು ಗಂಟೆಯಾಗಿತ್ತು. ಟೈಲರಮ್ಮ, ಅಂದರೆ ಅಮ್ಮಣ್ಣಿಯ ಚಿಕ್ಕಮ್ಮ, ಇವರ ಮೈ ಅಳತೆ ತೆಗೆದುಕೊಂಡು, ಬಿಳಿ ದಾರ ಮುಗಿದಿದೆ ಎಂದು ಬೀದಿ ಕೊನೆಯ ಅಂಗಡಿಗೆ ಹೋಗಿದ್ದರು. ಅಮ್ಮಣ್ಣಿಯ ಅಪ್ಪ ವಾಚನಾಲಯಕ್ಕೆ ಹೋಗಿದ್ದರು. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದ ಮನುಷ್ಯ, ನಿವೃತ್ತಿಯಾಗಿ ಆರು ವರ್ಷವಾದರೂ ಐದು ಗಂಟೆಗೆ ಸರಿಯಾಗಿ ಗೇಟು ತೆಗೆಯುತ್ತಾರೆ. ಒಂದು ನಿಮಿಷ ಹಿಂದಿಲ್ಲ, ಒಂದು ನಿಮಿಷ ಮುಂದಿಲ್ಲ.

ಹೊಲಿಗೆ ಕೋಣೆ ಚಿಕ್ಕದು. ಕಿಟಕಿಯ ಕೆಳಗೆ ಮಿಷನ್ನು, ಅದರ ಪೆಡಲಿನ ಮೇಲೆ ಕಾಲಿನ ಆಕಾರಕ್ಕೆ ಸವೆದ ಎರಡು ಗುರುತು. ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದ ಪುಡಿ. ಗೋಡೆಯುದ್ದಕ್ಕೂ ಮೊಳೆಗಳು, ಮೊಳೆ ತುಂಬ ಕಾಗದದ ಕಟ್ಟುಗಳು. ಒಳ್ಳೆಯ ಟೈಲರುಗಳು ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೇ ನ್ಯೂಸ್ ಪೇಪರಿನಲ್ಲಿ ಅಳತೆ ಕತ್ತರಿಸಿಕೊಳ್ಳುತ್ತಾರೆ. ಅದಕ್ಕೆ ಪೇಪರ್ ಕಟಿಂಗ್ ಅನ್ನುತ್ತಾರೆ. ಖಾಯಂ ಗಿರಾಕಿಗಳದ್ದನ್ನು ಎಸೆಯದೆ, ತೂತು ಮಾಡಿ ದಾರ ಪೋಣಿಸಿ ಹೆಸರು ಬರೆದು ನೇತುಹಾಕುತ್ತಾರೆ. ಪೊಲೀಸ್ ಕೆಲಸ ಸಿಗುವ ಮೊದಲು ನಾಲ್ಕು ವರ್ಷ ಗಾರ್ಮೆಂಟ್ ಫ್ಯಾಕ್ಟರಿಯ ಚೆಕಿಂಗ್ ವಿಭಾಗದಲ್ಲಿ ಕಣ್ಣು ಸವೆಸಿದ್ದ ದಫೇದಾರಮ್ಮನಿಗೆ ಈ ಕಾಗದಗಳನ್ನು ಓದಲು ಬರುತ್ತಿತ್ತು. ಆ ದಿನಗಳನ್ನು ಬೈದುಕೊಳ್ಳದ ದಿನವಿರಲಿಲ್ಲ. ಯಾವ ಕಸುಬೂ ದಂಡವಾಗುವುದಿಲ್ಲ ನೋಡಿ.

ಮೂಲೆಯ ಮೊಳೆಯಲ್ಲಿ, ಬೇರೆ ಕಟ್ಟುಗಳ ಹಿಂದೆ, ಗುಬ್ಬಿಯ ಕಟ್ಟು ಇತ್ತು. ಇಷ್ಟು ದಪ್ಪ. ದಫೇದಾರಮ್ಮ ದಾರ ಬಿಚ್ಚಿ ಒಂದೊಂದನ್ನೇ ನೆಲದ ಮೇಲೆ ಸಾಲಾಗಿ ಹಾಸಿದರು. ನ್ಯೂಸ್ ಪೇಪರಲ್ಲವೇ, ಪ್ರತಿಯೊಂದರ ಅಂಚಿನಲ್ಲೂ ತಾರೀಖು ಇತ್ತು. ವರ್ಷಕ್ಕೆ ಒಂದಾದರೂ ಇತ್ತು. ಹೊಳೆಯಲ್ಲಿ ಅನಾಹುತವಾದ ವರ್ಷದ್ದು ಗೇಣಗಲದ ಬೆನ್ನು. ಮುಂದಿನ ವರ್ಷದ್ದು ಒಂದಿಂಚು ದೊಡ್ಡದು. ಅದರ ಮುಂದಿನದು ಇನ್ನೂ ದೊಡ್ಡದು. ನೆಲದ ಮೇಲೆ ಒಂದು ಹುಡುಗಿ ಕಾಗದದಲ್ಲಿ ಬೆಳೆಯುತ್ತ ಹೋದಳು.

ಅಯ್ಯೋ ದೇವರೇ, ಎಂದುಕೊಂಡರು ದಫೇದಾರಮ್ಮ. ಹೆತ್ತ ಕರುಳು. ಮಗು ಇದ್ದಿದ್ದರೆ ಈ ವರ್ಷ ಇಷ್ಟಾಗುತ್ತಿತ್ತು, ಮುಂದಿನ ವರ್ಷ ಇಷ್ಟಾಗುತ್ತಿತ್ತು ಎಂದು ಊಹಿಸಿ ಊಹಿಸಿ ಕತ್ತರಿಸಿಟ್ಟಿದ್ದಾಳೆ. ಮಗ ತೀರಿಕೊಂಡ ಮೇಲೂ ವರ್ಷ ವರ್ಷ ಹೊಸ ಬೂಟು ತಂದಿಡುತ್ತಿದ್ದ ಒಬ್ಬ ತಂದೆಯನ್ನು ಅವರು ಸರ್ವೀಸಿನಲ್ಲಿ ಕಂಡಿದ್ದರು. ಕಣ್ಣು ಮಂಜಾಯಿತು. ಕಾಗದಗಳನ್ನು ಮತ್ತೆ ಕಟ್ಟಿಟ್ಟು ಎದ್ದುಹೋಗೋಣ, ಈ ತಾಯಿಯ ಸಂಕಟವನ್ನು ಕೆದಕುವುದು ಬೇಡ ಅನ್ನಿಸಿತು.

ಆದರೆ ಚೆಕಿಂಗ್ ಮಾಡಿದ ಕಣ್ಣು ಸುಮ್ಮನಿರಬೇಕಲ್ಲ.

ಹತ್ತನೇ ವಯಸ್ಸಿನ ಕಾಗದದಲ್ಲಿ ಎಡಭುಜ ಬಲಕ್ಕಿಂತ ಕಾಲಿಂಚು ಕೆಳಗಿತ್ತು. ಕೈತಪ್ಪಿರಬೇಕು ಅಂದುಕೊಂಡರೆ ಹನ್ನೊಂದರಲ್ಲೂ ಹಾಗೇ ಇತ್ತು. ಹದಿನಾಲ್ಕಕ್ಕೆ ಅರ್ಧ ಇಂಚಾಯಿತು. ಹದಿನೇಳರಲ್ಲಿ ಎದೆ, ಸೊಂಟ ಎರಡೂ ಒಮ್ಮೆಲೇ ಎರಡೆರಡು ಇಂಚು ಇಳಿದು, ಮುಂದಿನ ವರ್ಷ ಮೆಲ್ಲಗೆ ವಾಪಸು ಬಂದಿತ್ತು. ಆ ವರ್ಷ ಹುಡುಗಿ ಕಾಯಿಲೆ ಬಿದ್ದು ಎದ್ದಿದ್ದಳು.

ಊಹೆಯ ಮಗು ಕಾಯಿಲೆ ಬೀಳುವುದಿಲ್ಲ. ಊಹೆಯ ಮಗುವಿನ ಭುಜ ಓರೆಯಾಗುವುದಿಲ್ಲ. ಯಾವ ತಾಯಿಯೂ ಮನಸ್ಸಿನಲ್ಲಿ ಮಗಳನ್ನು ಸೊಟ್ಟಗೆ ಬೆಳೆಸುವುದಿಲ್ಲ. ಇದು ಟೇಪು ಹಿಡಿದು ಮೈ ಮುಟ್ಟಿ ತೆಗೆದ ಅಳತೆ.

ಅಂದರೆ ಗುಬ್ಬಿ ಸತ್ತಿಲ್ಲ.

ದಫೇದಾರಮ್ಮ ತಲೆಯೆತ್ತಿ ಸೂರು ನೋಡಿದರು, ಬಾಗಿಲು ನೋಡಿದರು. ಎಲ್ಲಿ ಬಚ್ಚಿಟ್ಟಿದ್ದಾರೆ? ಈ ಮನೆಯಲ್ಲಿರುವುದು ಒಂದು ಹಾಲು, ಅಡುಗೆಮನೆ, ಎರಡು ಕೋಣೆ. ಮೇಲೆ ತಾರಸಿ, ನೀರಿನ ಟ್ಯಾಂಕು. ಎಲ್ಲವನ್ನೂ ಅಮ್ಮಣ್ಣಿಯೇ ತೋರಿಸಿದ್ದಳು. ಒಂದು ಬೆಕ್ಕನ್ನು ಬಚ್ಚಿಡಲೂ ಜಾಗವಿಲ್ಲದ ಮನೆಯಲ್ಲಿ ಇಪ್ಪತ್ತೆಂಟು ವರ್ಷದ ಹೆಣ್ಣುಮಗಳನ್ನು ಎಲ್ಲಿಡುತ್ತಾರೆ?

ಆಗ ಇನ್ನೊಂದು ಯೋಚನೆ ಬಂತು. ಗುಬ್ಬಿಯ ಕಟ್ಟು ಇದಾದರೆ, ಅಮ್ಮಣ್ಣಿಯ ಕಟ್ಟು ಎಲ್ಲಿ? ಚಿಕ್ಕಂದಿನಿಂದ ಇವತ್ತಿನವರೆಗೆ ಆ ಹುಡುಗಿ ಚಿಕ್ಕಮ್ಮ ಹೊಲಿದ ಬಟ್ಟೆ ಬಿಟ್ಟು ಬೇರೆ ಹಾಕಿಲ್ಲ.

ಹುಡುಕಿದರು. ಅದೇ ಮೊಳೆಯಲ್ಲಿ, ತೀರಾ ಹಿಂದೆ, ಧೂಳು ಹಿಡಿದ ಒಂದು ಪುಟ್ಟ ಕಟ್ಟು ಸಿಕ್ಕಿತು. ಐದಾರು ಕಾಗದ ಅಷ್ಟೇ. ಮೇಲೆ ಅದೇ ನೀಲಿ ಅಕ್ಷರ: ಅಮ್ಮಣ್ಣಿ. ಕೊನೆಯದರ ತಾರೀಖು ಹೊಳೆಯ ಅನಾಹುತಕ್ಕೆ ಎರಡು ತಿಂಗಳು ಮೊದಲಿನದು. ಆಮೇಲೆ ಒಂದೂ ಇಲ್ಲ.

ಬದುಕಿರುವವಳ ಕಟ್ಟು ಏಳಕ್ಕೆ ನಿಂತಿದೆ. ಸತ್ತವಳ ಕಟ್ಟು ಇಪ್ಪತ್ತೆಂಟರವರೆಗೆ ಬೆಳೆದಿದೆ.

ದಫೇದಾರಮ್ಮ ಗುಬ್ಬಿಯ ಕಟ್ಟಿನ ಕಟ್ಟಕಡೆಯ ಕಾಗದ ಬಿಡಿಸಿದರು. ಹೋದ ತಿಂಗಳ ಪೇಪರು. ಎಡಭುಜ ಮುಕ್ಕಾಲು ಇಂಚು ಕೆಳಗೆ. ಸೊಂಟ ಬಿಗಿಮಾಡುವ ಮಡಿಕೆ, ಟಕ್ಕು, ಹಿಡಿದಿಲ್ಲ. ಮುಂಭಾಗದಲ್ಲಿ ಎದೆಯ ಕೆಳಗಿನಿಂದಲೇ ಕಾಗದ ಅಗಲಕ್ಕೆ, ದುಂಡಗೆ ಹರಡಿಕೊಂಡಿತ್ತು. ಬಸುರಿ ಹೆಂಗಸಿನ ಸಡಿಲ ಗೌನಿನ ಕಟಿಂಗ್ ಅದು.

ಹಾಲ್‌ನಲ್ಲಿ ಅಮ್ಮಣ್ಣಿ ಕೆಮ್ಮಿದಳು.

ದಫೇದಾರಮ್ಮ ಏಳಲಿಲ್ಲ. ಎಡಭುಜದಿಂದ ಜಾರುವ ಬ್ಯಾಗಿನ ಪಟ್ಟಿ ಕಣ್ಣಿಗೆ ಕಟ್ಟಿತ್ತು.

"ಮಲಗಿಕೋ ಹೋಗಮ್ಮಾ, ಮುಖ ಎಷ್ಟು ಬಾಡಿದೆ," ಎಂದು ಹಾಲ್‌ನಲ್ಲಿ ಟೈಲರಮ್ಮನ ದನಿ. ಆಮೇಲೆ ಅವರೇ ಬಾಗಿಲಲ್ಲಿ ಬಂದು ನಿಂತರು. ಬಡಕಲು ಹೆಂಗಸು. ಕುತ್ತಿಗೆಯಲ್ಲಿ ಟೇಪು. ಬಲಗೈ ನಡುಬೆರಳಿಗೆ, ಸೂಜಿ ಚುಚ್ಚದಿರಲೆಂದು ಟೈಲರುಗಳು ಹಾಕಿಕೊಳ್ಳುವ ಉಕ್ಕಿನ ಬೆರಳುಟೋಪಿ. ಅಂಗಡಿಗೆ ಹೋಗುವಾಗಲೂ ತೆಗೆಯದಷ್ಟು ಅದು ಮೈಗೂಡಿತ್ತು.

ನೆಲದ ಮೇಲಿನ ಕಾಗದಗಳನ್ನು ಆಕೆ ಈ ತುದಿಯಿಂದ ಆ ತುದಿಗೆ ನೋಡಿದರು. ಕೂಗಲಿಲ್ಲ, ಯಾರು ನೀವು ಎಂದೂ ಕೇಳಲಿಲ್ಲ. ಒಂದು ಕಾಗದದ ಮೇಲೂ ಕಾಲಿಡದೆ, ನಡುವೆ ಜಾಗ ನೋಡಿ ನೋಡಿ ಹೆಜ್ಜೆ ಹಾಕಿ ಬಂದು ಮಿಷನ್ನಿನ ಸ್ಟೂಲಿನ ಮೇಲೆ ಕೂತರು.

"ದಾರ ಸಿಕ್ತಾ?" ದಫೇದಾರಮ್ಮ ಕೇಳಿದರು. ಮುಚ್ಚಿಡುವ ಹೊತ್ತು ಮೀರಿತ್ತು.

ಟೈಲರಮ್ಮ ಮಿಷನ್ನಿನ ಡ್ರಾಯರ್ ಎಳೆದು ತೋರಿಸಿದರು. ಒಳಗೆ ಬಿಳಿ ದಾರದ ಉಂಡೆಗಳು ಸಾಲಾಗಿ ಕೂತಿದ್ದವು. "ಹನ್ನೆರಡು ಇತ್ತು. ಈಗ ಹದಿಮೂರಾಯ್ತು."

"ಅಂದ್ರೆ ಬೇಕಂತಲೇ ಹೋದ್ರಾ?"

"ಅಳತೆ ತಗೊಳ್ವಾಗ್ಲೇ ಗೊತ್ತಾಯ್ತು ಅಕ್ಕಾ. ಹೊಲಿಸೋಕೆ ಬಂದೋರು ಕನ್ನಡಿ ನೋಡ್ಕೊತಾರೆ. ಇಲ್ಲಾಂದ್ರೆ ಟೇಪ್ ನೋಡಿ, ಅಯ್ಯೋ ಇಷ್ಟು ದಪ್ಪ ಆಗ್ಬಿಟ್ನಾ ಅಂತಾರೆ. ನೀವು ನನ್ನ ಗೋಡೆ ನೋಡ್ತಿದ್ರಿ." ಆಕೆಯ ದನಿ ಬತ್ತಿಹೋಗಿತ್ತು. "ಇಪ್ಪತ್ಮೂರು ವರ್ಷದಿಂದ ಅದು ಅಲ್ಲೇ ನೇತಾಡ್ತಿದೆ. ಟೈಲರ್ ಮನೇಲಿ ಕಾಗದ ಯಾರು ಓದ್ತಾರೆ? ನಂಗೆ ಹೇಳೋಕೆ ನಾಲಿಗೆ ಏಳಲ್ಲ. ಅದೇ ಹೇಳ್ಲಿ ಅಂತ ಎದ್ದು ಹೋದೆ."

ದಫೇದಾರಮ್ಮ ಕೊನೆಯ ಕಾಗದವನ್ನು ಆಕೆಯ ತೊಡೆಯ ಮೇಲಿಟ್ಟರು. "ಇದು ಯಾರದು?"

"ಹೆಸರು ಬರ್ದಿದೀನಲ್ಲ."

"ಓದಿದೆ. ಐದು ವರ್ಷಕ್ಕೆ ಹೊಳೆಗೆ ಹೋದ ಗುಬ್ಬಿಗೆ ಈಗ ಏಳು ತಿಂಗಳಾ?"

ಟೈಲರಮ್ಮ ಕಾಗದವನ್ನು ಮಡಿಸಿ ಮತ್ತೆ ಬಿಡಿಸಿದರು.

"ಸುತ್ತಿ ಬಳಸಿ ಬೇಡ. ಹಾಲ್‌ನಲ್ಲಿ ಕೂತಿದಾಳಲ್ಲ, ಆ ಹುಡುಗಿ ಯಾರು?"

"ನನ್ನ ಮಗಳು." ಆ ಮಾತು ತನ್ನ ಬಾಯಿಂದಲೇ ಬಂತೇ ಎಂಬಂತೆ ಕೈಯಿಂದ ತುಟಿ ಮುಟ್ಟಿಕೊಂಡರು. "ನನ್ನ ಹೊಟ್ಟೇಲಿ ಹುಟ್ಟಿದ ಮಗಳು. ಅವಳೇ ಗುಬ್ಬಿ. ನೀರಿಗೆ ಹೋಗಿದ್ದು ದೊಡ್ಡವಳು, ಅಮ್ಮಣ್ಣಿ."

ಗೋಡೆಯ ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು.

ಹೋದ ವಾರ ನೋಂದಣಿ ಕಚೇರಿಯಲ್ಲಿ ನೋಡಿದ ಒಂದು ಹಳೆಯ ಪತ್ರ ದಫೇದಾರಮ್ಮನಿಗೆ ಈಗ ಅರ್ಥವಾಯಿತು. ಈ ಮನೆಯನ್ನು ಕಟ್ಟಿಸಿದವನು ಮೊದಲ ಹೆಂಡತಿಯ ಅಪ್ಪ. ಅಳಿಯನ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಮನೆಯನ್ನು ಮೊಮ್ಮಗಳು ಅಮ್ಮಣ್ಣಿಯ ಹೆಸರಿಗೆ ಬರೆದು, ಅವಳಿಗೆ ಇಪ್ಪತ್ತೊಂದು ತುಂಬುವ ಮೊದಲು ಏನಾದರೂ ಆದರೆ ಮನೆ ತನ್ನ ತಮ್ಮನ ಮಕ್ಕಳಿಗೆ ಸೇರಬೇಕು ಎಂದು ಷರತ್ತು ಹಾಕಿ ಕಣ್ಣು ಮುಚ್ಚಿದ್ದ.

"ಮನೆಗೋಸ್ಕರ," ಎಂದರು ದಫೇದಾರಮ್ಮ.

"ಹೂಂ. ಆಗ ನಾವಿದ್ದಿದ್ದು ಹೊಳೆಯಾಚೆ, ಬಾಡಿಗೆ ಮನೇಲಿ. ಹೆಣ ಸಿಗ್ಲಿಲ್ಲ. ಸಿಗದ ಹೆಣಕ್ಕೆ ಅಪ್ಪ ಹೇಳಿದ್ದೇ ಹೆಸರು. ಚಿಕ್ಕವಳು ಹೋದ್ಲು ಅಂತ ಅವರು ಬರೆಸಿದ್ರು. ಹದಿನೈದು ದಿನಕ್ಕೆ ಈ ಮನೆಗೆ ಬಂದ್ವಿ. ಇಲ್ಲಿ ನಮ್ಮ ಮಕ್ಕಳ ಮುಖ ಕಂಡೋರು ಯಾರೂ ಇರ್ಲಿಲ್ಲ. ಏಳು ವರ್ಷದ ಮಗು ಸ್ವಲ್ಪ ಕುಳ್ಳಿ ಅಂದ್ಕೊಂಡ್ರು, ಅಷ್ಟೇ."

"ಮಗು ಸುಮ್ನಿತ್ತಾ? ಐದು ವರ್ಷದ ಮಗೂಗೆ ತನ್ನ ಹೆಸರು ಗೊತ್ತಿರಲ್ವಾ?"

"ಜ್ವರ ಬಂದು ಒಂದು ತಿಂಗಳು ಮಲಗಿದ್ಲು. ಎದ್ದ ಮೇಲೆ ದಿನಾ ಕೇಳ್ತಿದ್ಲು, ಅಕ್ಕ ಎಲ್ಲಿ, ಅಕ್ಕ ಎಲ್ಲಿ ಅಂತ. ಅವರು ಎದುರಿಗೆ ಕೂರಿಸ್ಕೊಂಡು, ನೀನೇ ಅಕ್ಕ, ಅಂದ್ರು. ದಿನಾ ಹೇಳಿದ್ರು. ನೀನೇ ಅಕ್ಕ, ತಂಗಿ ಕೈ ನೀನು ಹಿಡ್ಕೊಂಡಿದ್ದೆ, ಆಮೇಲೆ ತಂಗಿ ಹೋದ್ಲು. ಪಾಠ ಒಪ್ಪಿಸೋ ಹಾಗೆ ಒಪ್ಪಿಸ್ತಿದ್ಲು ಮಗು."

"ನೀವು?" ದಫೇದಾರಮ್ಮನ ದನಿ ಏರಿತು. ಇಷ್ಟು ಹೊತ್ತು ಹಿಡಿದಿಟ್ಟ ಸಿಟ್ಟು ಅದು. "ನೀವು ಏನು ಮಾಡ್ತಿದ್ರಿ ತಾಯಿ? ಬಟ್ಟೆ ಹೊಲೀತಿದ್ರಾ?"

"ನನ್ನ ಪಾಲಿನ ಕೆಲಸ ಇನ್ನೂ ಕೆಟ್ಟದು ಅಕ್ಕಾ." ಆಕೆಯ ಕಣ್ಣಿಂದ ನೀರು ಇಳಿಯತೊಡಗಿತು, ಆಕೆ ಒರೆಸಿಕೊಳ್ಳಲಿಲ್ಲ. "ಅಮ್ಮ ಅಂತ ಕರೆದಾಗ ನಾನು ತಿರುಗಿ ನೋಡಬಾರ್ದು. ಚಿಕ್ಕಮ್ಮ ಅಂದ್ರೆ ಮಾತ್ರ ನೋಡ್ಬೇಕು. ಬಿದ್ದು ಮಂಡಿ ಒಡ್ಕೊಂಡು ಅಮ್ಮಾ ಅಂತ ಅಳ್ತಾ ಬರ್ತಿದ್ಲು. ನಾನು ಮಿಷನ್ ತುಳೀತಾ ಕೂತಿರ್ತಿದ್ದೆ. ಆರು ತಿಂಗಳು ಹಿಡೀತು. ಒಂದು ದಿನ ತಾನಾಗೇ ಚಿಕ್ಕಮ್ಮ ಅಂದ್ಲು. ಅವತ್ತು ನಾನು ಇದೇ ಕೋಣೇಲಿ ಬಟ್ಟೆ ಬಾಯಿಗೆ ತುರುಕ್ಕೊಂಡು ಅತ್ತೆ."

ದಫೇದಾರಮ್ಮ ಕೊಲೆ ಕಂಡಿದ್ದರು, ಕೂಸನ್ನು ತಿಪ್ಪೆಗೆಸೆದವರನ್ನೂ ಕಂಡಿದ್ದರು. ಎದುರಿಗೇ ಇರುವ ಮಗಳನ್ನು ಕಳೆದುಕೊಂಡ ತಾಯಿಯನ್ನು ಕಂಡಿರಲಿಲ್ಲ.

"ಎಲ್ಲಾ ಕಡೆ ಸುಳ್ಳು ಬರೆಸಿದವರು ಇಲ್ಲಿ ಯಾಕೆ ನಿಜ ಬರೆದ್ರಿ?" ಕೊನೆಗೆ ಕೇಳಿದರು. "ಈ ಒಂದು ಹೆಸರು ಇರದೇ ಹೋಗಿದ್ರೆ ಪ್ರಪಂಚದಲ್ಲಿ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಟೈಲರಮ್ಮ ಕಾಗದದ ಸುಕ್ಕನ್ನು ಅಂಗೈಯಿಂದ ಸವರಿದರು. "ನನಗೆ ಕೆಲಸ ಕಲಿಸಿದ ಯಜಮಾನರು ಮೊದಲನೇ ದಿನ ಹೇಳಿದ್ರು. ಒಬ್ಬರ ಕಟಿಂಗ್ ಮೇಲೆ ಇನ್ನೊಬ್ಬರ ಹೆಸರು ಬರೀಬೇಡ, ಬಟ್ಟೆ ಹಾಳಾಗುತ್ತೆ, ಬಟ್ಟೆ ಹಾಕ್ಕೊಳ್ಳೋ ಮೈಗೆ ಅವಮಾನ ಅಂತ. ಶಾಲೆಯೋರ ಮುಂದೆ ಸುಳ್ಳು ಹೇಳಿದೆ. ಮದುವೆ ಮಾಡ್ಕೊಂಡ ಹುಡುಗನ ಮುಂದೆ ಹೇಳಿದೆ. ಅಳತೆ ಮೇಲೆ ಮಾತ್ರ ಕೈ ಓಡ್ಲಿಲ್ಲ. ಟೇಪ್ ಹಿಡ್ಕೊಂಡು ಅವಳನ್ನ ಸುತ್ತಿದಾಗ, ಆ ಎರಡು ನಿಮಿಷ ನಾನು ಅವಳಮ್ಮ. ಅಷ್ಟಾದ್ರೂ ಬೇಡ್ವಾ ನಂಗೆ?"

ಹೊರಗೆ ಯಾರೋ ಉಸಿರು ಎಳೆದುಕೊಂಡ ಸದ್ದಾಯಿತು.

ಇಬ್ಬರೂ ತಿರುಗಿದರು. ಬಾಗಿಲ ಚೌಕಟ್ಟು ಹಿಡಿದು ಅಮ್ಮಣ್ಣಿ ನಿಂತಿದ್ದಳು. ನಾವು ಇಷ್ಟು ಹೊತ್ತು ಅಮ್ಮಣ್ಣಿ ಎಂದು ಕರೆಯುತ್ತ ಬಂದವಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಷ್ಟು ಕೇಳಿಸಿಕೊಂಡಿದ್ದಳೋ, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬ್ಯಾಗು ಭುಜದಿಂದ ಜಾರಿ ನೆಲಕ್ಕೆ ಬಿದ್ದಿತ್ತು, ಅವಳು ಎತ್ತಿಕೊಂಡಿರಲಿಲ್ಲ.

"ಕೂತ್ಕೋ ಮಗಳೇ." ದಫೇದಾರಮ್ಮ ಎದ್ದು ಕುರ್ಚಿ ಎಳೆದರು.

ಅವಳು ಕೂರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲದ ಕಾಗದಗಳನ್ನು ನೋಡಿದಳು. ಐದರ ಬೆನ್ನು, ಹತ್ತರ ಬೆನ್ನು, ಕಾಯಿಲೆಯಲ್ಲಿ ಸೊರಗಿದ ಹದಿನೇಳರ ಬೆನ್ನು.

"ಹಾಲ್‌ನಲ್ಲಿ ಗುಬ್ಬಿ ಫೋಟೋ ಇದೆ," ಎಂದಳು. ಯಾರಿಗೆ ಹೇಳುತ್ತಿದ್ದಾಳೋ ತಿಳಿಯಲಿಲ್ಲ. "ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಕ್ಷಮಿಸು ಅಂತಿದ್ದೆ. ಮದುವೆ ದಿನಾನೂ ಅಂದೆ. ನಂಗೇ ಅಂತಿದ್ನಾ ನಾನು?"

ಅವಳು ದಫೇದಾರಮ್ಮನ ಕಡೆ ತಿರುಗಿದಳು.

"ಮೇಡಂ, ನೀವು ಹೇಳಿ. ನಾನು ಯಾರ ಕೈಯನ್ನೂ ಬಿಡ್ಲಿಲ್ವಾ?"

"ಇಲ್ಲ ಕಂದಾ," ಎಂದರು ದಫೇದಾರಮ್ಮ. "ನೀನು ಐದು ವರ್ಷದ ಕೂಸು. ನೀನು ಯಾರ ಕೈಯನ್ನೂ ಬಿಡ್ಲಿಲ್ಲ."

ಇಪ್ಪತ್ತಮೂರು ವರ್ಷದ ಭಾರ ಇಳಿದವಳು ನಗಬೇಕೋ ಅಳಬೇಕೋ ತಿಳಿಯದೆ ಬಾಯಿ ತೆರೆದಳು. ದಫೇದಾರಮ್ಮನಿಗೂ ತಮ್ಮ ಕೆಲಸ ಮುಗಿಯಿತು ಅನ್ನಿಸಿತು. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿತು. ಇಲ್ಲಿಗೆ ನಿಲ್ಲಿಸಿ ಇವಳನ್ನು ಕರೆದುಕೊಂಡು ಹೋಗಿಬಿಡಬೇಕು.

ಆದರೆ ಅವಳ ದೃಷ್ಟಿ ಟೈಲರಮ್ಮನ ಬಲಗೈಗೆ ಅಂಟಿಕೊಂಡಿತ್ತು. ಕಾಗದ ಸವರುತ್ತಿದ್ದ ಕೈ. ನಡುಬೆರಳ ತುದಿಯಲ್ಲಿ ಉಕ್ಕಿನ ಟೋಪಿ.

ಅವಳು ಮೆಲ್ಲಗೆ ಬಂದು, ಕಾಗದಗಳನ್ನು ತುಳಿದುಕೊಂಡೇ ಬಂದು, ಆ ಕೈಯನ್ನು ಎತ್ತಿ ತನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡಳು. ಬೆರಳುಗಳನ್ನು ತಾನೇ ಮಡಿಸಿ ಮುಚ್ಚಿದಳು. ಕಣ್ಣು ಮುಚ್ಚಿದಳು.

"ಇದೇ ಕೈ," ಎಂದಳು. "ಕನಸಲ್ಲಿ ಬರೋದು ಇದೇ ಕೈ."

ಟೈಲರಮ್ಮನ ಬೆರಳುಗಳು ಆ ಮಣಿಕಟ್ಟನ್ನು ತಾವೇ ಬಿಗಿದುಕೊಂಡವು.

"ಅನಾಹುತ ಆದಾಗ ನೀವು ಮನೇಲಿದ್ದೆ ಅಂತ ಪೊಲೀಸರಿಗೆ ಬರ್ಕೊಟ್ಟಿದ್ರಿ, ಹಳೇ ಫೈಲಲ್ಲಿ ಓದಿದೀನಿ," ಎಂದರು ದಫೇದಾರಮ್ಮ ನಿಧಾನಕ್ಕೆ. "ನಿಮ್ಮ ಯಜಮಾನರು ಡಿಪೋದಲ್ಲಿದ್ರು ಅಂತ."

"ಹೊಳೆ ಮೆಟ್ಟಿಲ ಮೇಲೆ ಕೂತು ಅಂಗಿಗೆ ಗುಂಡಿ ಹೊಲೀತಿದ್ದೆ." ಟೈಲರಮ್ಮ ಮಗಳ ಮುಖ ಬಿಟ್ಟು ಬೇರೆಲ್ಲೂ ನೋಡಲಿಲ್ಲ. "ಎಲ್ಲಿಗೆ ಹೋದ್ರೂ ಕೈಕೆಲಸ ಜೊತೇಲಿರ್ತಿತ್ತು. ಇಬ್ಬರೂ ಪಾಚಿ ಮೇಲೆ ಜಾರಿದ್ರು. ಅಕ್ಕ ನಿನ್ನ ತಬ್ಬಿ ಹಿಡ್ಕೊಂಡಿದ್ಲು. ಏಳು ವರ್ಷದ ಮಗು, ತಾನು ಮುಳುಗ್ತಾ ನಿನ್ನ ಮೇಲಕ್ಕೆತ್ತಿ ಹಿಡಿದಿತ್ತು. ನಾನು ಹಾರಿದೆ. ಈ ಕೈಗೆ ನೀನು ಸಿಕ್ಕಿದೆ."

"ಆ ಕೈಗೆ?" ಹುಡುಗಿ ಕೇಳಿದಳು.

ಟೈಲರಮ್ಮ ಎಡಗೈಯನ್ನು ಮಡಿಲಿನಿಂದ ಎತ್ತಲಿಲ್ಲ.

"ಆ ಕೈಗೆ ಅವಳೂ ಸಿಕ್ಕಿದ್ಲು. ಎರಡು ಕೈಲೂ ಒಬ್ಬೊಬ್ರು ಇದ್ರು. ಸೆಳೆತ ಎಳೀತಿತ್ತು. ನಿಮ್ಮಪ್ಪ ಮೇಲಿನ ಮೆಟ್ಟಿಲಲ್ಲಿದ್ರು. ಅವರಿಗೆ ಈಜು ಬರಲ್ಲ. ಇಬ್ಬರೂ ಆಗಲ್ಲ, ಒಬ್ಬಳನ್ನ ಬಿಡು ಅಂತ ಕೂಗಿದ್ರು." ಆಕೆ ಉಸಿರೆಳೆದುಕೊಂಡರು. "ಹೆಸರು ಹಿಡಿದೇ ಕೂಗಿದ್ರು. ಇಂಥವಳನ್ನ ಬಿಡು ಅಂತ."

ಈ ಮನೆ ಯಾರ ಹೆಸರಿನಲ್ಲಿತ್ತು ಎಂದು ದಫೇದಾರಮ್ಮನಿಗೆ ಗೊತ್ತಿತ್ತು. ಆ ಮನುಷ್ಯ ಯಾರನ್ನು ಬಿಡು ಎಂದಿರಬಹುದು ಎಂದು ಲೆಕ್ಕ ಹಾಕಿದರು: ಮನೆ ಉಳಿಯಬೇಕಾದರೆ ದೊಡ್ಡವಳು ಉಳಿಯಬೇಕಿತ್ತು.

ಹುಡುಗಿ ನೆಲಕ್ಕೆ ಕುಸಿದು, ತಾಯಿಯ ಮೊಣಕಾಲಿಗೆ ಎರಡೂ ಕೈ ಹಾಕಿದಳು.

"ಅಮ್ಮಾ," ಎಂದಳು.

ಇಪ್ಪತ್ತಮೂರು ವರ್ಷ ತಿರುಗಿ ನೋಡದೇ ಇದ್ದವರು ಈಗ ನೋಡಿದರು.

"ಅಮ್ಮಾ, ಅಪ್ಪ ಯಾರ ಹೆಸರು ಕೂಗಿದ್ರು?"

ಟೈಲರಮ್ಮ ಬಾಯಿ ತೆರೆದರು.

ಗೋಡೆಯ ಗಡಿಯಾರ ಐದು ಹೊಡೆಯಿತು. ಗೇಟಿನ ಚಿಲಕ ಸದ್ದಾಯಿತು. ಅಂಗಳ ದಾಟಿ, ಮೆಟ್ಟಿಲು ಹತ್ತಿ, ಅಳೆದಂತೆ ಹೆಜ್ಜೆ ಹಾಕುತ್ತ ಚಪ್ಪಲಿಯ ಸಪ್ಪಳ ಒಳಗೆ ಬಂತು. ಹಾಲ್‌ನಲ್ಲಿ ಅದು ನಿಂತಿತು. ನೆಲಕ್ಕೆ ಬಿದ್ದಿದ್ದ ಬ್ಯಾಗು ಕಣ್ಣಿಗೆ ಬಿದ್ದಿರಬೇಕು.

"ಅಮ್ಮಣ್ಣೀ," ಎಂದು ಅಪ್ಪ ಅಕ್ಕರೆಯಿಂದ ಕರೆದರು, "ಯಾವಾಗ ಬಂದೆ ಮಗಳೇ?"

ಆ ಹೆಸರಿಗೆ ಓಗೊಡುವವರು ಮನೆಯಲ್ಲಿ ಯಾರೂ ಇರಲಿಲ್ಲ.